ಹೆಬ್ಬೆಟ್ಟಿನ ಸರ್ಟಿಫಿಕೇಟು

ಚಿತ್ತಾಪುರ
೧೧ ಏಪ್ರಿಲ್ ೨೦೦೩

ಪ್ರೀತಿಯ ಅಪ್ಪಾ,

ಮೊಣಕಾಲು ಹೇಗಿದೆ? ಸೊಲ್ಲಾಪುರದ ರೂಮು ಎರಡನೇ ಮಾಳಿಗೆಯಲ್ಲಿದೆಯಂತೆ. ಒಮ್ಮೆ ಹತ್ತಿದ ಮೇಲೆ ಚಹಾಕ್ಕೆಂದು ಮತ್ತೆ ಇಳಿಯಬೇಡಿ. ಏಕಾದಶಿ ದಿನ ಬರೀ ಹೊಟ್ಟೆಯಲ್ಲಿ ಗುಳಿಗೆ ನುಂಗಬೇಡಿ, ನನ್ನಾಣೆ. ಅಮ್ಮ ಆರಾಮಿದ್ದಾಳೆ, ನಿಮ್ಮನ್ನು ಬಯ್ಯುವಷ್ಟು ಆರಾಮಿದ್ದಾಳೆ.

ನನ್ನ ಸುದ್ದಿ ಮಾತ್ರ ಚೆನ್ನಾಗಿಲ್ಲ. ನಾನು ಪಾಠ ಮಾಡುವ ಬಿಬಿಎಂ ಹುಡುಗರು ಒಂದು ತಿಂಗಳು ಹೊರಗೆ ಕೆಲಸ ಕಲಿತ ಸರ್ಟಿಫಿಕೇಟು ತಂದರೇ ಪರೀಕ್ಷೆಗೆ ಹಾಲ್‌ಟಿಕೆಟ್. ಪ್ರತಿವರ್ಷ ಎಲ್ಲರೂ ಯಾವುದೋ ಅಂಗಡಿಯ ರಬ್ಬರ್ ಸಿಕ್ಕಾ ಒತ್ತಿಸಿ ಮನೆಯಲ್ಲಿ ಮಲಗುತ್ತಾರೆ. ನಾನೊಬ್ಬಳು ಜಾಣೆ! ಪುಸ್ತಕದಲ್ಲಿ ಸಪ್ಲೈ ಚೈನ್ ಎನ್ನುವುದನ್ನು ನೀವು ಊಟಕ್ಕೆ ಕೂತಾಗ ‘ಮಾಲು ಎಲ್ಲಿ ನಿಂತದ ಅದನ್ನ ಮೊದಲ ನೋಡು’ ಎನ್ನುತ್ತಿದ್ದಿರಲ್ಲ, ಕಲಿಕೆಗೂ ಅದೇ ಲೆಕ್ಕ, ಮಾಲಿನ ಹಿಂದೆಯೇ ಹೋಗಬೇಕು ಎಂದುಕೊಂಡೆ. ಏಳು ಮಂದಿಯನ್ನು ಶಹಾಬಾದಿ ಕಲ್ಲಿನ ಬೆನ್ನು ಹತ್ತಿಸಿದೆ: ಹದಿನೈದು ದಿನ ಖಣಿ, ಹದಿನೈದು ದಿನ ವಾಡಿಯಲ್ಲಿ ನಿಮ್ಮ ಲಾರಿ ಆಫೀಸು. ಖಣಿ ಮುಗಿಯುವುದರೊಳಗೆ ನಿಮಗೆ ವರ್ಗವಾಯಿತು. ಹೊಸ ಮ್ಯಾನೇಜರು ಒಳಗೇ ಬಿಡಲಿಲ್ಲ.

ಆದರೆ ಖಣಿಯಲ್ಲಿ ಅವರು ನಿಜವಾಗಿ ಕಲಿತರು ಅಪ್ಪಾ. ಕಲ್ಲು ಎಬ್ಬಿಸುವ ಬಂದೇಅಲಿ ಚಾಚಾ ಸುತ್ತಿಗೆಯಿಂದ ತಟ್ಟಿ ‘ಕಿವಿ ಇಡ್ರಿ, ಒಳಗ ಸೀಳಿದ್ರ ದನಿ ಸತ್ತಿರತದ’ ಎಂದು ಕಲಿಸಿದ. ಕ್ಲಾಸಿನಲ್ಲಿ ಬಾಯಿಬಿಡದ ತೌಸೀಫ್ ನಾಲ್ಕೇ ದಿನದಲ್ಲಿ ಒಡಕು ಕಲ್ಲು ಬೇರೆ ಮಾಡಿಟ್ಟ. ನನಗೆ ಅಳುವೇ ಬಂತು. ಕಲಿಸಿದವನೇ ಸರ್ಟಿಫಿಕೇಟಿಗೆ ಗುರುತು ಹಾಕಲಿ ಎಂದು ಹಟ ಹಿಡಿದವಳು ನಾನು. ಅವನು ಕೈ ತೊಳೆದು ಬಂದು ಏಳಕ್ಕೂ ಹೆಬ್ಬೆಟ್ಟು ಒತ್ತಿದ. ಪ್ರಿನ್ಸಿಪಾಲ್ ನಾಗೇಂದ್ರಪ್ಪನವರು ಎಲ್ಲ ತಿರುಗಿ ಎಸೆದು ‘ಹೆಬ್ಬೆಟ್ಟಿಗೆ ಡಿಗ್ರಿ ಕೊಡಲಿಕ್ಕ ಬರ್ತದೇನ್ರಿ? ಸಿಕ್ಕಾ ತರ್ರಿ’ ಎಂದರು. ಸಿಕ್ಕಾ ಕೇಳಲು ಹೋದರೆ ಖಣಿ ಮಾಲೀಕನೋ, ಯಾವ ಹುಡುಗರು, ನನಗೆ ಗೊತ್ತೇ ಇಲ್ಲ ಎಂದ. ಮನೆಯಲ್ಲಿ ಮಲಗಿದ್ದವರಿಗೆಲ್ಲ ನಿನ್ನೆ ಹಾಲ್‌ಟಿಕೆಟ್ ಬಂತು. ನನ್ನ ಏಳು ಮಂದಿ ವರಾಂಡದಲ್ಲಿ ನಿಂತಿದ್ದರು. ಇನ್ನೊಂದು ವರ್ಷ ಓದಿಸುವುದು ತೌಸೀಫನ ಮನೆಯಲ್ಲಿ ಆಗದ ಮಾತು.

ಅಮ್ಮ ನಮಸ್ಕಾರ ತಿಳಿಸಿದ್ದಾಳೆ. ನಿಮ್ಮ ಆಶೀರ್ವಾದ ಈಗ ನನಗಿಂತ ಆ ಹುಡುಗರಿಗೆ ಬೇಕು.

ನಿಮ್ಮ ಮಗಳು,
ಪ್ರಮಿತಾ

ತಾ.ಕ.: ಹದಿನೆಂಟನೇ ತಾರೀಖು ಕಡೆಯ ದಿನ. ಏಳೂ ಮಂದಿ ಇಡೀ ತಿಂಗಳು ವಾಡಿಯ ನಿಮ್ಮ ಆಫೀಸಿನಲ್ಲೇ ಕಲಿತರೆಂದು ಬರೆದು, ನಿಮ್ಮ ಹಳೆಯ ಸಿಕ್ಕಾ ಒತ್ತಿ, ವರ್ಗಕ್ಕೆ ಮುಂಚಿನ ತಾರೀಖು ಹಾಕಿ ಕಳಿಸಿರಿ. ಹೆಸರುಗಳು ಈ ಹಾಳೆಯ ಹಿಂಬದಿಯಲ್ಲಿವೆ. ಬಂದೇಅಲಿಯ ಹೆಸರು ಎಲ್ಲೂ ಬರುವುದು ಬೇಡ. ನನಗೆ ಬುದ್ಧಿ ಹೇಳಿ ಬರೆಯಬೇಡಿ ಅಪ್ಪಾ, ಬರೀ ಕಾಗದ ಕಳಿಸಿರಿ.