ಕೆಂಚಗ ಕಟ್ಟಿದ ಗೋಣಿತಟ್ಟು

ಜೂನ್ 9

ನಮ್ಮ ಟಗರು ಕೆಂಚನ ಹೊಟ್ಟಿಗೆ ಗೋಣಿತಟ್ಟು ಕಟ್ಟಿದೆ. ಎರಡು ಸಲ ಒದ್ದ, ಹಾಳಾದಂವ. ಕಟ್ಟದಿದ್ರ ತನ್ನ ಮಕ್ಕಳನ್ನ ಏರ್ತಾನ. ಹೋದ ವರ್ಷದ ಹೆಣ್ಮರಿ ಎಲ್ಲಾ ಬೆದಿಗೆ ಬಂದಾವ, ಎಲ್ಲಾ ಇವಗ ಹುಟ್ಟಿದ್ವು. ಖರೇ ಕೆಂಗುರಿ ಟಗರು. ತೆಂಗಿನಕಾಯಿ ಬಣ್ಣ, ಸುತ್ತಿದ ಕೋಡು. ಗಬ್ಬೂರಾಗ ಇಂಥಾದ್ದು ಇನ್ನೊಂದಿಲ್ಲ. ಆದ್ರೂ ಎರಡು ವರ್ಷಾತು, ಬದಲಿ ಮಾಡಬೇಕು.

ಮನಿಯವರು ಮಾನ್ವಿ ಕಡೆ ಇಮಾಮಹುಸೇನನ ಟಗರು ನೋಡಿ ಬಂದಾರ. ಅದರ ತಾಯಿ ಕೆಚ್ಚಲ ನೋಡಿದ್ರೇನು, ಕೇಳಿದೆ. "ನೋಡೀನಿ. ಎರಡು ಮರಿಗೆ ಸಾಕಾಗುವಷ್ಟು ಹಾಲದ." ಬರೇ ಕೋಡು ನೋಡಿ ಟಗರು ತರೋದು ಹುಚ್ಚರ ಕೆಲಸ. ಆಂಧ್ರದ ಬಿಳಿ ಟಗರು ಬಿಟ್ಕೊಂಡು ಮಂದಿ ಹಿಂಡೆಲ್ಲಾ ಕಲಬೆರಕಿ ಮಾಡ್ಕೊಂಡಾರ. ನಾವು ಮಾಡಂಗಿಲ್ಲ.

ಜೂನ್ 12

ಹೊಲದಿಂದ ಬಂದು ನೋಡ್ತೀನಿ... ಗೋಣಿತಟ್ಟು ಇಲ್ಲ! ಆಯಿ ಬಿಚ್ಚಿ ಹಾಸ್ಕೊಂಡು ಕುಂತಾಳ. "ಪಾಪ, ಧಗಿಗೆ ಬೇವೋದು ನೋಡಾಕಾಗಲಿಲ್ಲ ಬೇ." ಕೆಂಚ ಹಿಂಡಿನ ನಡುವ ಮೆರ್ಯಾಕತ್ತಿದ್ದ. ಯವ್ವಾ, ಎಲ್ಲಾ ಮುಗೀತು.

ಬೈದೆ. ಬೈಯಬಾರದಿತ್ತು. ನಮ್ಮವ್ವನ ಅವ್ವ, ನನಗ ಅತ್ತಿನೂ ಆಕಿನ. ಸೋದರಮಾವಗ ಕೊಟ್ಟ ಮಗಳು ನಾನು. ಆಕಿನ್ನ ಬೈದ್ರ ಎರಡು ಕಡಿಂದ ಪಾಪ.

ನವೆಂಬರ್ 6

ಕೆಂಚನ್ನ ಕೊಟ್ಟು ಇಮಾಮಹುಸೇನನ ಟಗರು ತಂದು ಯಾವ ಕಾಲಾತು. ಬೀಜ ಮಾತ್ರ ಇಲ್ಲೇ ಉಳಿದಿತ್ತು. ಇವತ್ತು ಕೆಂಚನ ಮಗಳು ಮರಿ ಹಾಕ್ತು. ಮರಿ ಕೆಳಗಿನ ದವಡಿ ಗಿಡ್ಡ. ಕೆಚ್ಚಲ ಹಿಡಿಯಾಕ ಬರವಲ್ದು. ಬಾಟಲಿಲೆ ಹಾಲು ಹಾಕಿದೆ, ಎಲ್ಲಾ ಹೊರಗ ಹರೀತು.

ನವೆಂಬರ್ 7

ಮರಿ ಹೋತು. ಅಳು ಬಂತು. ಕುರಿ ಸತ್ರ ಅಳಾಕಿ ಅಲ್ಲ ನಾನು. ಮಗಳು ಅಂಬಿಕಾನಕಿಂತ ಮೊದಲ ಹುಟ್ಟಿದ ಕೂಸು ನೆನಪಾತು. ಅದಕ್ಕೂ ಮೊಲಿ ಹಿಡಿಯಾಕ ಬರ್ತಿರಲಿಲ್ಲ, ಅದೂ ಉಳೀಲಿಲ್ಲ. ರಾಯಚೂರಾಗ ಡಾಕ್ಟ್ರಮ್ಮ ಕೇಳಿದ್ಲು, "ಗಂಡ ನಿಮಗ ಸಂಬಂಧದಾಗ ಏನಾಗಬೇಕ್ರೀ?" ಮಾಮ ಅಂದೆ. ಆಕಿ ಪೆನ್ ಕೆಳಗಿಟ್ಲು.

ನವೆಂಬರ್ 15

ಬಾಗಲವಾಡದಿಂದ ಅವ್ವ ಫೋನ್ ಮಾಡಿದ್ಲು. ನನ್ನ ತಮ್ಮ ಪಂಪಾಪತಿಗೆ ಅಂಬಿಕಾನ್ನ ಕೊಡಬೇಕಂತ. "ಡಿಗ್ರಿ ಮುಗೀತಲ್ಲ. ಸೋದರಮಾವ ಕಣ್ಮುಂದ ಇದ್ದಾಗ ಪರರಿಗ್ಯಾಕ? ಕಳ್ಳುಬಳ್ಳಿ ಹರೀಬಾರದು." ಆಯಿ ಫೋನ್ ಕಸ್ಕೊಂಡು ಹೂಂ ಅಂದೇಬಿಟ್ಲು.

ಸತ್ತ ಮರಿ ಮಾತು ತಗದೆ. ಆಯಿ ಮೂಗು ಮುರದ್ಲು. "ನಾವೇನು ಕುರಿಯೇನ ಬೇ?"

ಮನಿಯವರು ಎದ್ರು. ಟಗರಿಗೆ ಮೇವು ಹಾಕಾಕ ಹೋದ್ರು.

ನವೆಂಬರ್ 18

ಅಂಬಿಕಾನ್ನೇ ಕೇಳಿದೆ. "ಮಾಮ ಛಲೋ ಅದಾನ ಅವ್ವಾ. ಗೊತ್ತಿಲ್ಲದ ಮನಿಗೆ ಹೋಗಿ ಏನ್ ಮಾಡ್ಲಿ?"

ಖರೇನ. ನನ್ನ ತಮ್ಮ ಬಂಗಾರದಂಥಾ ಹುಡುಗ. ಅದೇ ಸಂಕಟ. ಕುಡುಕ ಗಿಡುಕ ಆಗಿದ್ರ ಬ್ಯಾಡ ಅನ್ನೋದು ಸಸಾರಿತ್ತು.

ಟಗರಿಗೆ ಗೋಣಿತಟ್ಟು ಕಟ್ಟಿದಂಗ ಮಗಳಿಗೂ ಕಟ್ಟಾಕತ್ತೀನೇನು... ಆಯಿ ಅಂದದ್ದೂ ಸುಳ್ಳಲ್ಲ, ಕುರಿ ಅಲ್ಲ ನಾವು. ಕುರಿಗಾದ್ರ ಯಾರಾರ ಒಬ್ರು ವಿಚಾರ ಮಾಡ್ತಾರ.

ನವೆಂಬರ್ 24, ಸಂಜಿ

ಅವ್ವ, ತಮ್ಮ ಬಂದಿದ್ರು. ಸಕ್ಕರಿ, ಎಲಿ ಅಡಕಿ ತಂದಿದ್ರು. ಅವ್ವ ತಾಟು ಮನಿಯವರ ಮುಂದಿಟ್ಲು. "ತಗೋ ತಮ್ಮಾ ಮುದುಕಪ್ಪ, ಬಾಯಿ ಸಿಹಿ ಮಾಡು."

ನನಗ ತಡೀಲಿಲ್ಲ. "ಎರಡು ವರ್ಷಕ್ಕೊಮ್ಮಿ ಟಗರು ಬದಲಿ ಮಾಡ್ತೀರಿ. ಅಳಿಯನ್ನ ಮಾತ್ರ ಮನ್ಯಾಗ ಹುಡುಕ್ತೀರೇನು?"

ತಮ್ಮನ ಮಾರಿ ಕೆಳಗಾತು. ಅವ್ವ ಚೀರಿದ್ಲು, "ತವರಮನಿ ಬಾಗಲಾ ನಿನ್ನ ಕೈಯಾರೆ ಹಾಕಾಕತ್ತೀಯೇನ ಬೇ?" ಆಯಿನೂ ಸೇರಿದ್ಲು.

ಮನಿಯವರು ತಾಟು ಮೆಲ್ಲಕ ಆಕಡೆ ಸರಿಸಿದ್ರು. "ಅಕ್ಕಾ, ಮೊದಲನೇ ಕೂಸಿಗೆ ನಾವು ಹೆಸರೂ ಇಡಲಿಲ್ಲ," ಅವ್ವಗ ಅಂದ್ರು. ಅಷ್ಟೇ. ಅದು ಹೋದ ಮ್ಯಾಲ ಅದರ ಸುದ್ದಿ ಇವರ ಬಾಯಾಗ ಕೇಳಿದ್ದು ಇವತ್ತ.

ಯಾರೂ ಸಕ್ಕರಿ ಮುಟ್ಟಲಿಲ್ಲ. ತಮ್ಮ ಎದ್ದು ಚಪ್ಪಲ್ ಮೆಟ್ಕೊಂಡ. "ಅಕ್ಕಾ, ನನ್ನ ಮ್ಯಾಲ ಸಿಟ್ಟಾಗಬ್ಯಾಡ," ಅಂದ. ಅವನ ಮ್ಯಾಲ ಎಲ್ಲಿ ಸಿಟ್ಟು ನನಗ. ಅವ್ವ ತಿರುಗಿ ನೋಡಲಿಲ್ಲ. ಹಂಗ ಬಸ್ಸಿಗೆ ಹೋದ್ರು.

ನವೆಂಬರ್ 25

ಅಂಬಿಕಾ ಒಲಿ ಮುಂದ ಬಂದು ಕುಂತ್ಲು. ಸಿಟ್ಟಿಲ್ಲ, ಅಳು ಇಲ್ಲ. "ಹಂಗಾದ್ರ ನೀ ಅಪ್ಪನ್ನ ಮಾಡ್ಕೊಂಡಿದ್ದು ತಪ್ಪೇನ ಅವ್ವಾ?"

ಹಂಚಿನ ಮ್ಯಾಲ ರೊಟ್ಟಿ ಹೊತ್ತಿತು. ತಿರುವಿ ಹಾಕಿದೆ. ಉತ್ತರ ಈಗ್ಲೂ ಹುಡುಕಾಕತ್ತೀನಿ. ಇವರು ಹೊರಗ ಟಗರಿನ ಮೈ ತಿಕ್ಕಾಕತ್ತಾರ. ಇಂಥಾ ಮನಷ್ಯಾ ಸಿಗಾಕ ಪುಣ್ಯ ಮಾಡಿರಬೇಕು. ತಪ್ಪು ಅಂದ್ರ ಈಕಿ ಇಲ್ಲ. ತಪ್ಪಲ್ಲ ಅಂದ್ರ ಆ ಕೂಸು—