ದಂಡೋರವಿಲ್ಲದೆ ಅಳಿದ ಕ್ಷೇತ್ರ

ಚುನಾವಣಾ ಕ್ಷೇತ್ರಗಳ ಗಡಿ ಬರೆಯುವ ಮಾನ್ಯರೇ,

ನಸುಕಿನ ಮೂರಕ್ಕೆ ಕೋಲಿನ ಸದ್ದಿಗೆ ಎಚ್ಚರವಾಯಿತು. ನನ್ನ ಮಾವ ಗುರುಲಿಂಗಪ್ಪನವರು ಅಂಗಳದಲ್ಲಿ ನಡಿಗೆ ರೂಢಿಸಿಕೊಳ್ಳುತ್ತಿದ್ದರು. ನಾಡಿದ್ದು ಮತದಾನ. ಅವರ ಹೆಸರಿರುವ ಮತಗಟ್ಟೆ ನಮ್ಮ ಓಣಿಯ ಶಾಲೆಯಲ್ಲೇ ಇದೆ. ಆದರೆ ಎಂಬತ್ತೆರಡರ ಈ ಹಿರಿಯರು ಪ್ರತಿ ಚುನಾವಣೆಗೂ ಒಂಬತ್ತು ಕಿಲೋಮೀಟರ್ ನಡೆದು, ನೀವು ಹದಿನೈದು ವರ್ಷದ ಹಿಂದೆಯೇ ಅಳಿಸಿದ ಕ್ಷೇತ್ರದ ಹಳೆಯ ಮತಗಟ್ಟೆಗೆ ಹೋಗುತ್ತಾರೆ. ಹಿಂದೊಂದು ಬೇಸಿಗೆಯ ಚುನಾವಣೆಯಲ್ಲಿ ಬಿಸಿಲು ಬಡಿದು ಮಂಚದ ಮೇಲೆ ಮನೆಗೆ ಬಂದರು. ಈ ಸಲ ನನ್ನ ನಾಲ್ಕು ವರ್ಷದ ಮಗಳೂ ತಾತನ ಜೊತೆ ಹೊರಡಲು ಚಪ್ಪಲಿಯನ್ನು ದಿಂಬಿನ ಕೆಳಗಿಟ್ಟು ಮಲಗಿದ್ದಾಳೆ.

ಹುಚ್ಚು ಎನ್ನುವಿರಾ? ಅರವತ್ತೆರಡು ವರ್ಷದ ಹಿಂದೆ ಈ ಕ್ಷೇತ್ರ ಹುಟ್ಟಿದಾಗ ಸರಕಾರ ತಮಟೆ ಬಡಿಸಿ ದಂಡೋರ ಹಾಕಿಸಿತು. ಊರಿನ ತಮಟೆಯವ ಬೀರಯ್ಯ ಬಡಿದ. ಓದುಬರಹ ಬಲ್ಲ ಮಾವ ಪಕ್ಕದಲ್ಲಿ ನಿಂತು, ಇಷ್ಟು ಹಳ್ಳಿಗೆ ಇನ್ನು ಒಬ್ಬನೇ ಶಾಸಕ ಎಂದು ಕನ್ನಡದಲ್ಲೂ ತೆಲುಗಿನಲ್ಲೂ ಕೂಗಿದರು. ನಮ್ಮ ಕಡೆಯ ಕಟ್ಟಳೆ ನಿಮಗೆ ಗೊತ್ತಿರಲಿಕ್ಕಿಲ್ಲ. ಕಾಲರಾ ಬಂದು ಹಳ್ಳದ ನೀರು ಮುಟ್ಟಬೇಡಿ ಎಂದು ಸಾರಿದರೆ, ಮುಟ್ಟಿರಿ ಎಂದು ಮತ್ತೆ ಸಾರುವವರೆಗೆ ಯಾರೂ ಮುಟ್ಟುತ್ತಿರಲಿಲ್ಲ. ನೀವು ಕ್ಷೇತ್ರವನ್ನು ಹರಿದು ಹಂಚಿದ್ದು ಕಾಗದದಲ್ಲಿ. ಆಮೇಲೆ ರಾಜ್ಯವೇ ಒಡೆದು ಹೊಸದಾಯಿತು. ಆ ಸಂಭ್ರಮದ ಅಷ್ಟೊಂದು ವಾದ್ಯಗಳಲ್ಲಿ ನಮಗೊಂದು ತಮಟೆ ಉಳಿಯಲಿಲ್ಲವೇ?

"ಮಾವಾ, ಅದು ಮುಗದೈತ್ರಿ. ಪೇಪರಿನಾಗ ಬಂದಿತ್ತು" ಎಂದೆ.

"ಪೇಪರು ಓಣಿ ಓಣಿ ತಿರುಗಿ ಕೂಗ್ತೈತೇನವಾ? ಐತಿ ಅಂತ ಸಾರಿದಾವ ನಾನು. ಇಲ್ಲ ಅಂತ ಸರಕಾರ ತನ್ನ ಬಾಯಿಲೆ ಹೇಳ್ಲಿ, ಮನ್ಯಾಗ ಕೂಡ್ತೀನಿ."

ಒಳಗಿನಿಂದ ಅತ್ತೆ ಹಂಪಮ್ಮ, "ನನ್ನ ಮಾತು ಒಂದಿನ ಕೇಳಿಲ್ಲ ಈ ಮನಿಶ್ಯಾ, ನಿನ್ನ ಮಾತು ಕೇಳ್ತಾನ? ಸುಮ್ನ ಮಕ್ಕೋ" ಎಂದರು.

ಮಗಳನ್ನು ಹೇಗೋ ತಡೆದೇನು. ಮಾವನಿಗೆ ಬಾಗಿಲು ಹಾಕಿ ಚಿಲಕ ಜಡಿಯಲೇ? ಗಂಡನನ್ನು ಕರೆಯೋಣವೆಂದರೆ, ಮೇಷ್ಟ್ರಾದ ಅವರನ್ನು ನೀವೇ ಚುನಾವಣೆ ಕೆಲಸಕ್ಕೆಂದು ಗದ್ವಾಲಿಗೆ ಕಳಿಸಿದ್ದೀರಿ. ಕ್ಷೇತ್ರ ಇಲ್ಲವೆಂದು ಒಮ್ಮೆ ದಂಡೋರ ಹಾಕಿಸಿ ಎಂದು ನಿಮ್ಮ ಮಕ್ತಲ್ ಕಚೇರಿಗೆ ಎರಡು ಸಲ ಅರ್ಜಿ ಕೊಟ್ಟೆ. "ಸದರಿ ಕ್ಷೇತ್ರ ಅಸ್ತಿತ್ವದಲ್ಲಿಲ್ಲದ ಕಾರಣ ಅರ್ಜಿಯನ್ನು ಪರಿಗಣಿಸಲಾಗದು" ಎಂದು ಉತ್ತರ ಬಂತು. ಮಾವನಿಗೆ ಓದಿ ಹೇಳಿದೆ. ಇದೂ ಕಾಗದವೇ ಎಂದರು.

ಕ್ಷೇತ್ರ ಮರಳಿ ಕೊಡಿ ಎನ್ನುತ್ತಿಲ್ಲ. ದಂಡೋರದ ಆಸೆಯೂ ಈಗಿಲ್ಲ. ಕ್ಷೇತ್ರ ಇಲ್ಲ ಎಂಬ ಆ ಒಂದೇ ಸಾಲನ್ನು ಮಾವನಿಗೆ ಬಾಯಲ್ಲಿ ಹೇಳಿಬಿಡಿ. ನನ್ನ ನಂಬರು ನಿಮ್ಮ ಕಡತದಲ್ಲಿದೆ. ನೀವಲ್ಲದಿದ್ದರೆ ನಿಮ್ಮ ಜವಾನರಾದರೂ ಸರಿ. ನಾಡಿದ್ದು ಬೆಳಗಾಗುವ ಮುನ್ನ ಫೋನ್ ಮಾಡಿ. ಮಾವ ನಾಲ್ಕಕ್ಕೆಲ್ಲ ಹೊರಟುಬಿಡುತ್ತಾರೆ.

ಇಂತಿ,
ಇಲ್ಲದ ಕ್ಷೇತ್ರದ ನಿದ್ದೆಗೆಟ್ಟ ಸೊಸೆ,
ಭಾಗ್ಯಜ್ಯೋತಿ