ಕಿತ್ತಳೆ ಸ್ವೆಟರಿನ ಎಡತೋಳು

ಅಕ್ಕಾ,
ಕಾರ್ಡ್ ಚಿಕ್ಕದು, ನಿನ್ನ ಬೈಗುಳವನ್ನು ಊರಿಗೆ ಬಂದ ಮೇಲೆ ಕೇಳಿಸಿಕೊಳ್ಳುತ್ತೇನೆ. ಕಣಿವೆಯ ಎರಡೂ ಬದಿ ಮುಗಿಲೆತ್ತರದ ಕೆಂಪು ಬಂಡೆ, ನಡುವೆ ಬೆರಳಿಟ್ಟರೆ ಜುಮ್ಮೆನ್ನುವ ನದಿ. ಈ ಕೊರೆಯುವ ಚಳಿಯಲ್ಲಿ ಭಾವ ಮತ್ತು ನಾನು ಮೂರು ದಿನದಿಂದ ದಂಡೆಯಲ್ಲೇ ನಡೆಯುತ್ತಾ ಗಾಳ ಹಾಕುತ್ತಿದ್ದೇವೆ. ಇಲ್ಲಿ ಎರೆಹುಳು ಸಿಕ್ಕಿಸುವಂತಿಲ್ಲ, ಗಾಳಕ್ಕೆ ದಾರ ಸುತ್ತಿ ನೊಣದಂತೆ ಕಟ್ಟಬೇಕು. ಅಂಗಡಿಯಿಂದ ತಂದ ಇಂಥ ದಾರದ ನೊಣಗಳನ್ನು ಒಂದು ಮೀನೂ ಮೂಸಲಿಲ್ಲ. ಕಡೆಗೆ ನೀನು ಹೆಣೆದುಕೊಟ್ಟ, ಮನೆಯವರೆಲ್ಲ ಆಡಿಕೊಂಡಿದ್ದ ಆ ಕಿತ್ತಳೆ ಸ್ವೆಟರಿನಿಂದ ಒಂದೆಳೆ ಎಳೆದು ಕಟ್ಟಿದೆ. ಮೀನುಗಳು ನಾ ಮುಂದು ತಾ ಮುಂದು ಎಂದು ಬಂದು ಬಿದ್ದವು! ಈಗ ಎಡತೋಳು ಮೊಣಕೈವರೆಗೆ ಖಾಲಿ.

“ನಿಮ್ಮಕ್ಕನ ಕೈಗುಣ ಕಣೋ, ಇನ್ನೊಂದ್ ಸ್ವಲ್ಪ ಎಳಿ,” ಅಂತ ಭಾವ ಹುರಿದುಂಬಿಸುತ್ತಾರೆ. ಅದೇ ಉಣ್ಣೆಯ ಉಂಡೆಯಿಂದ ನೀನು ಹೆಣೆದುಕೊಟ್ಟ ತಮ್ಮ ಸ್ವೆಟರನ್ನು ಮಾತ್ರ ಎರಡು ಕೋಟಿನೊಳಗೆ ಬಚ್ಚಿಟ್ಟುಕೊಂಡಿದ್ದಾರೆ. ಹಿಡಿದ ಮೀನನ್ನೆಲ್ಲ ಮತ್ತೆ ನೀರಿಗೇ ಬಿಡಬೇಕಂತೆ, ಊಟಕ್ಕೆ ಬ್ರೆಡ್ಡೇ ಗತಿ. ಒಂದು ಕೈಗೆ ಮಾತ್ರ ನೆಗಡಿಯಾಗಿದೆ, ಉಳಿದಂತೆ ಕ್ಷೇಮ.

ಇವತ್ತು ತಂಗಿರುವ ಕೋಣೆಯಲ್ಲಿ ಬಿಸಿನೀರು ಸಿಕ್ಕಿತೆಂದು ಭಾವ ಈಗಷ್ಟೇ ಸ್ನಾನಕ್ಕೆ ಹೋದರು. ಅವರ ಸ್ವೆಟರ್ ಬಾಗಿಲ ಮೊಳೆಗೆ ನೇತಾಡುತ್ತಿದೆ. ಅವರು ಮೈ ಒರೆಸಿಕೊಳ್ಳುವುದರೊಳಗೆ ಕಾರ್ಡ್ ಮುಗಿಸಬೇಕು, ಕತ್ತರಿ ಹುಡುಕಬೇಕು.

ಅವಸರದಲ್ಲಿ,
ನಿನ್ನ ತಮ್ಮ